ಇಪ್ಪತ್ತು ಬಸ್ಕಿಯ ಪರೀಕ್ಷೆ

ಸಂಜೆ ನಾಲ್ಕಕ್ಕೆ ಪರೀಕ್ಷೆ. ಬೆಳಿಗ್ಗೆ ಹತ್ತಾದರೂ ಬಸ್ಕಿ ಹೊಡೆಯಲು ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ನಮ್ಮ ಗಡಿಯಾರ ರಿಪೇರಿಯವನ ತಲೆನೋವು ಇದೇ. ಗಡಿಯಾರ ಕಟ್ಟುವವರೇ ಕಡಿಮೆಯಾಗಿ ಅಂಗಡಿ ಮುಚ್ಚಿದ ಮೇಲೆ, ಪುಣ್ಯಾತ್ಮ ಎರಡು ತಿಂಗಳು ಜಿಮ್ಮಿಗೆ ಹೋಗಿ ತರಬೇತುದಾರನ ಪಾಠ ಕಲಿತಿದ್ದ. ಉಸಿರು ಯಾವಾಗ ಬಿಡಬೇಕು, ಮಂಡಿ ಎಲ್ಲಿರಬೇಕು, ಎಲ್ಲ ಬಾಯಿಪಾಠ. ಇವತ್ತು ಯಾರನ್ನಾದರೂ ಕರೆದುಕೊಂಡು ಹೋಗಿ ಇಪ್ಪತ್ತು ಬಸ್ಕಿ ಮಾಡಿಸಿಬಿಟ್ಟರೆ ಅಲ್ಲೇ ಕೆಲಸ. ಇಲ್ಲವಾದರೆ ಸೋಮವಾರದಿಂದ ಹೆಂಡತಿಯ ಅಣ್ಣನ ಹಾಸಿಗೆ ಅಂಗಡಿಯಲ್ಲಿ, ಅವನ ಕೈಕೆಳಗೆ! ಆ ಭಾವನ ಮುಖ ನೆನೆದದ್ದೇ ಇವನು ಎದ್ದು ಹೊರಟ.

ಕೆಳಮನೆಯ ದರ್ಜಿಯ ಬಾಗಿಲು ತಟ್ಟಿದ.

"ಬರ್ತೀನಪ್ಪಾ, ಅದಕ್ಕೇನಂತೆ! ಈ ಬೀರು ಒಂಚೂರು ಒಳಗಡೆ ರೂಮಿಗೆ ಸೇರಿಸ್ಬಿಡು."

ಬೀರು ಒಳಗೆ ಹೋಯಿತು. ಅಲ್ಲಿ ಕತ್ತಲೆ ಎನಿಸಿ ಮತ್ತೆ ಹೊರಗೆ ಬಂತು. ಅಷ್ಟರಲ್ಲಿ ದರ್ಜಿಗೆ ಸೊಂಟ ಹಿಡಿಯಿತು, ಎತ್ತುವುದನ್ನು ನೋಡಿಯೇ!

ಮೂರನೇ ಮಹಡಿಯ ನರ್ಸಮ್ಮ ಬಾಗಿಲು ತೆರೆದವಳೇ, "ಅಯ್ಯೋ, ದೇವರು ಕಳ್ಸಿದಂಗೆ ಬಂದ್ರಿ! ಸಿಲಿಂಡರ್ ಕೆಳಗೇ ಇಟ್ಟು ಹೋಗಿದಾನೆ, ಲಿಫ್ಟ್ ಬೇರೆ ಕೆಟ್ಟಿದೆ" ಎಂದಳು. ಸಿಲಿಂಡರ್ ಇವನ ಹೆಗಲೇರಿ ಮೇಲೆ ಬಂತು. ನರ್ಸಮ್ಮ ಟೀ ಕೊಟ್ಟು, "ಇವತ್ತು ಡ್ಯೂಟಿ ಅಲ್ವಾ, ನಾಳೆ ಬರ್ಲಾ?" ಎಂದು ಕೇಳಿದಳು.

ಇನ್ನೆರಡು ಮನೆಗಳಲ್ಲಿ ಮಂಚ ಸರಿಸಿ, ಡ್ರಮ್ಮಿಗೆ ನೀರು ಹೊತ್ತು, ಮೂರೂವರೆಗೆ ಮನೆಗೆ ಬಂದು ದೊಪ್ಪನೆ ಕುಳಿತ. ಕಾಲು ತನ್ನದೋ ಬೇರೆಯವರದೋ ತಿಳಿಯಲಿಲ್ಲ.

"ನಾನೇ ಬರ್ತೀನಿ ನಡೀರಿ ಅಳಿಯಂದ್ರೇ" ಎಂದರು ಅತ್ತೆ. "ನನ್ನ ಮಗನ ಕೈಕೆಳಗೆ ಇರೋ ಕಷ್ಟ ಎಂಥದ್ದು ಅಂತ ನಂಗೊತ್ತಿಲ್ವಾ?"

ಜಿಮ್ಮಿನಲ್ಲಿ ಪರೀಕ್ಷಕಿ, "ಮೊದಲು ನೀವು ಒಂದು ಮಾಡಿ ತೋರ್ಸಿ, ಆಮೇಲೆ ಅವರಿಂದ ಮಾಡ್ಸಿ" ಎಂದರು.

"ಬೆನ್ನು ನೇರ, ಉಸಿರು ಒಳಗೆ" ಎನ್ನುತ್ತಾ ಇಳಿದ. ಇಳಿದದ್ದೇನೋ ಸೊಗಸಾಗಿಯೇ ಇಳಿದ, ಏಳಲು ಆಗಲಿಲ್ಲ. ತೊಡೆ ಗಡಗಡ ನಡುಗಿತು. ಕೆಲಸ ಹೋಯಿತಲ್ಲಪ್ಪಾ ಎಂದು ಕಣ್ಣಲ್ಲಿ ನೀರೇ ಬಂತು.

ಎರಡು ತಿಂಗಳು ಇವನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೆಲ್ಲ ಅತ್ತೆಯ ಕಿವಿಗೂ ಬಿದ್ದಿತ್ತು. ಅವರು ಸೆರಗು ಸಿಕ್ಕಿಸಿ ಮುಂದೆ ಬಂದರು.

"ಯಾಕೆ ಹೆದರ್ತೀರಿ? ಉಸಿರು ಬಿಡಿ. ಮಂಡಿ ಒಳಗೆ ಬಾಗ್ತಿದೆ ನೋಡಿ. ಹಿಮ್ಮಡಿ ಊರಿ... ಎದ್ರಲ್ಲ! ಭೇಷ್! ಇನ್ನೊಂದು!"

ಇನ್ನೊಂದು, ಮತ್ತೊಂದು ಎನ್ನುತ್ತಾ ಇಪ್ಪತ್ತಾಯಿತು. ಹೇಗಾಯಿತೋ ಅವನಿಗೇ ಗೊತ್ತಿಲ್ಲ. ಪರೀಕ್ಷಕಿ ನಗುತ್ತಾ ಕಾಗದಕ್ಕೆ ಸಹಿ ಹಾಕಿದ್ದು ಕಂಡು ಹೋದ ಜೀವ ಬಂದಂತಾಯಿತು.

"ಬಿದ್ದವರನ್ನ ಎಬ್ಸಿ ಇಪ್ಪತ್ತು ಮಾಡ್ಸೋರನ್ನ ನಾನು ಇವತ್ತೇ ನೋಡಿದ್ದು. ಸೋಮವಾರದಿಂದ ಕೆಲಸಕ್ಕೆ ಬನ್ನಿ, ಉಳಿದ ಪಾಠ ನಾನೇ ಹೇಳ್ಕೊಡ್ತೀನಿ."

ಇವನು ಚಾಚಿದ ಕೈಯನ್ನು ದಾಟಿ ಕಾಗದ ಅತ್ತೆಯ ಕೈ ಸೇರಿತು.

"ಆದ್ರೆ ಶುರುವಿಗೆ ಒಬ್ರು ಗಿರಾಕೀನ ನೀವೇ ತರ್ಬೇಕು" ಎಂದರು ಪರೀಕ್ಷಕಿ.

"ಇದಾರಲ್ಲ ನಮ್ಮ ಅಳಿಯಂದ್ರು!" ಅತ್ತೆ ಬೀಗಿದರು. "ನನ್ನ ಮಗನ ಅಂಗಡೀಲಿ ಇವ್ರ ಕೆಲಸ ಶುರುವಾಗೋದೇ ಹತ್ತಕ್ಕೆ. ಐದಕ್ಕೇ ಎಬ್ಬಿಸ್ಕೊಂಡು ಬರ್ತೀನಿ."