ಒದೆಯದ ತೋಟೆ

ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ಕುಟ್ಟಪ್ಪ ಆ ಶುಕ್ರವಾರ ಊಟದ ಹೊತ್ತಿಗೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

ಅಬುಧಾಬಿಯ ಖಾಲಿದಿಯಾದ ಆ ಕೋಣೆಯಲ್ಲಿ ಮೂರು ಹಾಸಿಗೆ. ಹೋಟೆಲಿನ ಲಾಂಡ್ರಿಯ ಕ್ಯಾಮಿಲಸ್ ಮತ್ತು ದರ್ಜಿ ಮುಹಿಯುದ್ದೀನ್ ತಮ್ಮೊಳಗೆ ತುಳು ಮಾತಾಡುವವರು. ಮಡಿಕೇರಿ ಕಡೆಯ ಕುಟ್ಟಪ್ಪನಿಗೆ ತುಳು ಬಾರದು. ಸಾರು ದಾಟಿಸಬೇಕಾದಾಗ ಮಾತ್ರ ಅವನ ಪಾಲಿಗೆ ಎರಡು ಕನ್ನಡ ಶಬ್ದ ಬೀಳುತ್ತಿತ್ತು. ಆ ದಿನ ಇಬ್ಬರೂ ಪಕ್ಕದ ಕೋಣೆಗೆ ಬಂದ ಇಪ್ಪತ್ತೊಂಬತ್ತು ಇಂಚಿನ ಟೀವಿಯನ್ನು ಕೈಯಗಲಿಸಿ ಹೊಗಳುತ್ತಿದ್ದರು. ಅಷ್ಟು ಅರ್ಥವಾದದ್ದೇ ತಡ, ಕುಟ್ಟಪ್ಪ ಕ್ಷೌರದ ಡಬ್ಬಿಯಿಂದ ಕೋವಿಗೆ ಹಾಕುವ ಹಿತ್ತಾಳೆಯ ಖಾಲಿ ತೋಟೆಯೊಂದನ್ನು ತೆಗೆದು ಉಪ್ಪಿನಕಾಯಿ ಬಾಟಲಿಯ ಪಕ್ಕ ನಿಲ್ಲಿಸಿದ.

"ದೊಡ್ಡದಾದ್ರೆ ಆಯ್ತಾ ಕ್ಯಾಮಿಲಸ್ಸಣ್ಣ? ಇದು ಏಳು ಎಂಎಂ. ಬೇಟೆಗೆ ಹೋದ್ರೆ ಎಲ್ರೂ ಇದನ್ನ ನೋಡಿ ಸಣ್ಣದೂಂತ ನಗ್ತಿದ್ರು. ಆದ್ರೆ ಕೋವಿ ಭುಜಕ್ಕೆ ಒದೆಯೋದಿಲ್ಲ. ಒದೆಯದಿದ್ರೆ ಕಣ್ಣು ಮುಚ್ಚೋದಿಲ್ಲ. ಕಣ್ಣು ಮುಚ್ಚದಿದ್ರೆ ಗುರಿ ತಪ್ಪೋದಿಲ್ಲ. ನಾನು ಮೊದಲ್ನೇ ಹಂದಿ ಹೊಡೆದದ್ದು..."

"ಊಟದ ಹೊತ್ತಲ್ಲಿ ಹಂದಿ ಬೇಡ ಮಾರಾಯ," ಎಂದ ಮುಹಿಯುದ್ದೀನ್.

ಕ್ಯಾಮಿಲಸ್‌ನ ಕೈ ತಟ್ಟೆಯಲ್ಲೇ ನಿಂತಿತ್ತು. "ಪೊಲೀಸರು ಬಂದ್ರೆ ನಿನ್ನ ಬೇಟೆಯ ಕತೆ ಕೇಳ್ತಾ ಕೂರ್ತಾರಾ?"

"ಖಾಲಿ ಅಣ್ಣ. ಬರೀ ಹಿತ್ತಾಳೆ."

"ನಿನ್ನ ತಲೆಯೂ ಖಾಲಿ. ಸಂಜೆಯೊಳಗೆ ಇದನ್ನು ಎಲ್ಲಾದ್ರೂ ಬಿಸಾಡಿ ಬಾ. ಇಲ್ಲಾಂದ್ರೆ ನೀನೂ ನಿನ್ನ ಹಾಸಿಗೆಯೂ ಹೊರಗೆ."

"ಕಕ್ಕಸಿಗೆ ಹಾಕ್ಬೇಡ. ಪೈಪು ಕಟ್ಟಿದ್ರೆ ಎರಡು ಕೇಸಾಗ್ತದೆ," ಎಂದು ಮುಹಿಯುದ್ದೀನ್ ಸೇರಿಸಿದ.

ಆ ಹಾಸಿಗೆ ತಪ್ಪಿದರೆ ಕುಟ್ಟಪ್ಪನಿಗೆ ಊರಗಲದಲ್ಲಿ ತಟ್ಟಲು ಇನ್ನೊಂದು ಬಾಗಿಲಿರಲಿಲ್ಲ. ಹೊರಟ.

ಬೀದಿಯ ಕಸದ ತೊಟ್ಟಿಗೆ ಹಾಕಿದ. ಗುಡಿಸುವ ಬಂಗಾಳಿ ಓಡಿಬಂದು, "ಪಿತ್ತಲ್ ಹೈ ಭಾಯ್," ಎಂದು ಆ ಹಿತ್ತಾಳೆಯನ್ನು ಅಂಗಿಗೆ ಒರೆಸಿ ಕೈಗಿಟ್ಟ. ಬಸ್ ನಿಲ್ದಾಣದ ಬೆಂಚಿನ ಮೇಲೆ ಮರೆತವನಂತೆ ಬಿಟ್ಟು ನಡೆದ. ಫಿಲಿಪ್ಪೀನಿನ ಹುಡುಗಿಯೊಬ್ಬಳು "ಸರ್, ಸರ್" ಎಂದು ಬೆನ್ನಟ್ಟಿದಳು. ಬಂದಾಗಿನಿಂದ ಯಾರೂ ಅವನನ್ನು ಇಷ್ಟು ಹುಡುಕಿಕೊಂಡು ಬಂದಿರಲಿಲ್ಲ. ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟ ಬೆಕ್ಕಿನ ಹಾಗೆ ತೋಟೆ ಮರಳಿ ಬರುತ್ತಿತ್ತು.

ಕೊನೆಗೆ ಕಡಲ ದಂಡೆಗೆ ಹೋಗಿ ಎಸೆಯಲು ಕೈಯೆತ್ತಿದ. ಹಿಂದಿನಿಂದ ಯಾರೋ ಮಣಿಕಟ್ಟು ಹಿಡಿದರು.

ಬಿಳಿ ಗಡ್ಡದ ಅರಬಿ. ಕುಟ್ಟಪ್ಪನಿಗೆ ಜೈಲಿನ ಕಂಬಿಗಳೇ ಕಂಡವು. ಮುದುಕ ಮಾತ್ರ ತೋಟೆಯನ್ನು ಬೆಳಕಿಗೆ ಹಿಡಿದು, ಅದರ ತಳದಲ್ಲಿ ಒತ್ತಿದ ಅಳತೆ ನೋಡಿ, ತನ್ನ ಭುಜ ತಟ್ಟಿಕೊಂಡ.

"ಮಾಫಿ ದರ್ದ್," ಎಂದ.

ನೋವೇ ಇಲ್ಲ! ಕುಟ್ಟಪ್ಪನೂ ತನ್ನ ಭುಜ ತಟ್ಟಿಕೊಂಡ. "ಬಡಾ ವಾಲಾ ಖಾಲಿ ಆವಾಜ್," ದೊಡ್ಡದು ಬರೀ ಸದ್ದು, ಎಂದ.

"ಖಾಲಿ ಆವಾಜ್," ಎಂದು ಮುದುಕ ನಕ್ಕ.

ಇಬ್ಬರೂ ದಂಡೆಯ ಗೋಡೆಯ ಮೇಲೆ ಕೂತರು. ಅರ್ಧ ಹಿಂದಿ, ಅರ್ಧ ಕೈಸನ್ನೆ. ಮುದುಕ ಮರಳುಗಾಡಿನಲ್ಲಿ ಹೊಡೆದ ಜಿಂಕೆಯ ಕತೆ ಹೇಳಿದ. ಕುಟ್ಟಪ್ಪ ತನ್ನ ಕತೆಯನ್ನು ಮೊದಲ ಸಲ ಕೊನೆಯವರೆಗೂ ಹೇಳಿದ, ಮುದುಕನ ಮರ್ಯಾದೆಗೆಂದು ಹಂದಿಯನ್ನೂ ಜಿಂಕೆ ಮಾಡಿ. ಸೂರ್ಯ ಮುಳುಗುವಾಗ ತೋಟೆಯನ್ನು ಮುದುಕನ ಅಂಗೈಯಲ್ಲಿಟ್ಟು, "ಆಪ್ ರಖೋ," ಎಂದ.

ಮುದುಕ ಕಾರಿನವರೆಗೆ ಹೋಗಿ ತಿರುಗಿ ಬಂದ. ಚೌಕುಳಿ ಬಟ್ಟೆಯಲ್ಲಿ ಸುತ್ತಿದ ಭಾರದ ಪೊಟ್ಟಣವೊಂದನ್ನು ಕುಟ್ಟಪ್ಪನ ಕೈಗೆ ತುರುಕಿ, "ಯಲ್ಲಾ, ರೂಮ್ ಮೇ ಖೋಲೋ," ಎಂದು ಕೋಣೆಗೆ ಹೋದ ಮೇಲೆಯೇ ಬಿಚ್ಚುವಂತೆ ಸನ್ನೆ ಮಾಡಿ ಕಾರು ಬಿಟ್ಟುಕೊಂಡು ಹೋದ. ಹೆಸರು ಕೇಳಲು ಮರೆತದ್ದು ಆಮೇಲೆ ನೆನಪಾಯಿತು.

"ಖಲಾಸ್," ಎನ್ನುತ್ತ ಕುಟ್ಟಪ್ಪ ಕೋಣೆಗೆ ಬಂದ. "ಅರಬಿಯೊಬ್ರು ತಕೊಂಡ್ರು. ಬದಲಿಗೆ ಇದನ್ನ ಕೊಟ್ಟಿದ್ದಾರೆ, ಖರ್ಜೂರವೇ ಇರ್ಬೇಕು."

"ಹಾಗೆ ಹೇಳು. ಬಾ, ಕೂತ್ಕೊ," ಎಂದು ಕ್ಯಾಮಿಲಸ್ ಚಾಪೆಯಲ್ಲಿ ಜಾಗ ಮಾಡಿದ. ಮುಹಿಯುದ್ದೀನ್ ತಟ್ಟೆ ತಂದಿಟ್ಟ. ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಕುಟ್ಟಪ್ಪ ಇಬ್ಬರ ನಡುವೆ ಕೂತು ಗಂಟು ಬಿಚ್ಚಿ ತಟ್ಟೆಗೆ ಸುರಿದ.

ಟಣಟಣ ಎಂದವು. ಏಳು ಎಂಎಂ. ಪ್ರತಿಯೊಂದರ ಮೂತಿಯಲ್ಲೂ ಗುಂಡು.

"ಇವೂ ಖಾಲಿಯಾ?" ಮುಹಿಯುದ್ದೀನ್ ಮೆಲ್ಲಗೆ ಕೇಳಿದ.

ಜಿಂಕೆಯ ವಿಷಯ ಹೇಗೇ ಇರಲಿ, ತೋಟೆಯ ವಿಷಯದಲ್ಲಿ ಕುಟ್ಟಪ್ಪ ಸುಳ್ಳಾಡುವವನಲ್ಲ.

"ತುಂಬಿದ್ದು," ಎಂದ. "ಆದ್ರೆ ಒದೆಯೋದಿಲ್ಲ."

ಕ್ಯಾಮಿಲಸ್ ಎದ್ದು ಕುಟ್ಟಪ್ಪನ ಹಾಸಿಗೆ ಸುತ್ತತೊಡಗಿದ.