ಹುಬ್ಬಿನಲ್ಲಿ ಕೂಗಿದ ಸವಾಲು

ಟೀವಿ ನೋಡಿ ಕೆಡುವವರು ಮಕ್ಕಳು ಮಾತ್ರ ಎಂದು ಯಾರು ಹೇಳಿದರೋ! ಐವತ್ತು ದಾಟಿದ ಮೇಲೆ ಕೆಟ್ಟವನು ನಾನು. ಅದೂ ಒಂದು ಬ್ರಿಟಿಷ್ ಧಾರಾವಾಹಿಯಿಂದ. ಲಂಡನ್ನಿನ ಹರಾಜು ಮನೆಯೊಂದರ ಕಥೆ. ನೋಡುವವರಿಲ್ಲದೆ ಕೆಲವೇ ಕಂತಿಗೆ ನಿಂತುಹೋಯಿತು. ಆ ಹರಾಜು ಮನೆಯ ಪಾಲುದಾರರಿಬ್ಬರ ಜಗಳ ಕೊನೆಗೆ ಏನಾಯಿತೋ ದೇವರಿಗೇ ಗೊತ್ತು. ನಾನು ಕೊರಗುತ್ತಿದ್ದರೆ ಹೆಂಡತಿ ಸರಸು, "ನಿಮ್ಮೊಬ್ಬರನ್ನ ನಂಬ್ಕೊಂಡು ಅವರು ಎಷ್ಟು ದಿನಾಂತ ನಡೆಸ್ತಾರೆ?" ಎಂದಳು. ನನಗೆ ಹುಚ್ಚು ಹಿಡಿಸಿದ್ದು ಅಲ್ಲಿನವರು ಸವಾಲು ಕೂಗುವ ರೀತಿ. ಕೂಗುವುದೇ ಇಲ್ಲ! ಒಬ್ಬ ಹುಬ್ಬು ಏರಿಸುತ್ತಾನೆ, ಇನ್ನೊಬ್ಬ ಮೂಗಿನ ತುದಿ ಮುಟ್ಟುತ್ತಾನೆ, ಅಷ್ಟಕ್ಕೇ ವಜ್ರದ ಹಾರ ಅವನದ್ದು. ನಾನಾದರೋ ಬಂಗಾರಪೇಟೆ ಸಂತೆಯಲ್ಲಿ ಒಂದು ಕಟ್ಟು ಸೊಪ್ಪಿಗೂ ಗಂಟಲು ಹರಿದುಕೊಳ್ಳುವವನು. ದೊಡ್ಡ ಮನುಷ್ಯರೆಂದರೆ ಹೀಗಿರಬೇಕು ಎಂದುಕೊಂಡೆ.

ಅಷ್ಟರಲ್ಲಿ ನಾವಿರುವ ಚಿನ್ನದ ಗಣಿಯ ಊರು ಉರಿಗಾಂನ ಚರ್ಚೊಂದರಲ್ಲಿ ಸುಗ್ಗಿ ಹಬ್ಬ ಬಂತು. ಕಾರ್ಖಾನೆ ಕೆಲಸಕ್ಕೆಂದು ತುಮಕೂರು ಕಡೆಯಿಂದ ಬಂದ ನಮಗೆ ಅದು ಹೊಸದು. ಮನೆಯಲ್ಲಿ ಬೆಳೆದದ್ದನ್ನೋ ಮಾಡಿದ್ದನ್ನೋ ಜನ ಚರ್ಚಿಗೆ ಕೊಡುತ್ತಾರೆ, ಅಂಗಳದಲ್ಲಿ ಹರಾಜು ನಡೆಯುತ್ತದೆ. ಪಕ್ಕದ ಮನೆಯ ಸ್ಟೆಲ್ಲಾ ಅಕ್ಕ ಸರಸುವಿಗೆ, "ನೀನೂ ನಮ್ ಬೀದಿಯೋಳೇ ಅಲ್ವೇನಮ್ಮಾ? ನಿನ್ ಕುಂಬಳಕಾಯಿ ತಕೊಂಬಾ" ಎಂದರು. ತಮಿಳರೇ ತುಂಬಿದ ಬೀದಿಯಲ್ಲಿ ತಮಿಳು ಬಾರದೆ ಬರೀ ನಕ್ಕು ತಲೆಯಾಡಿಸಿಕೊಂಡಿದ್ದವಳಿಗೆ ಆ ಮಾತಿಗೆ ಕಣ್ಣಲ್ಲಿ ನೀರೇ ಬಂತು. ಹಿತ್ತಲಿನ ಕುಂಬಳಕಾಯಿಯನ್ನು ಕೂಸಿನಂತೆ ತೊಳೆದು ಒರೆಸಿದಳು. "ಯಾರೂ ಕೂಗದಿದ್ರೆ ಈ ಬೀದೀಲಿ ಹೇಗ್ರೀ ಮುಖ ತೋರಿಸ್ಲಿ? ನೀವೇ ಶುರು ಮಾಡ್ಬೇಕು, ಆಯ್ತಾ?" ಎಂದು ನನ್ನಿಂದ ಮಾತು ತೆಗೆದುಕೊಂಡಳು.

ಹರಾಜು ಹಾಕುತ್ತಿದ್ದವರು ಅಂತೋಣಿ ಅಣ್ಣ, ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದವರು. ಕುಂಬಳಕಾಯಿ ಎತ್ತಿ ಹಿಡಿದರು. ನಾನು ಗಂಭೀರವಾಗಿ ಎಡ ಹುಬ್ಬು ಏರಿಸಿದೆ. ಅಂಗಳದಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಮೂಗಿನ ತುದಿ ಮುಟ್ಟಿದೆ. ಪಕ್ಕದವರು ನೆಗಡಿ ಎಂದುಕೊಂಡು ಕರವಸ್ತ್ರ ಚಾಚಿದರು. ಸರಸುವಿನ ಮುಖ ಬಾಡಿಹೋಗಿತ್ತು. ಅಂತೋಣಿ ಅಣ್ಣ ಕಾಯಿಯನ್ನು ಕೆಳಗಿಡಲು ಬಗ್ಗಿದರು. ಅಯ್ಯೋ, ಹಾಳಾಗಲಿ ದೊಡ್ಡ ಮನುಷ್ಯತನ! "ನೂರು!" ಎಂದು ಕಿರುಚಿದೆ. ಗಾಬರಿಯಲ್ಲಿ ಬಾಯಿ ನಿಲ್ಲಲೇ ಇಲ್ಲ. "ನೂರೈವತ್ತು! ಇನ್ನೂರು!"

"ಇರಿ ಸಾರ್, ನಿಮ್ ಮೇಲೆ ನೀವೇ ಏರಿಸ್ಕೊಂಡು ಓದ್ರೆ ಎಂಗೆ?" ಎಂದರು ಅಂತೋಣಿ ಅಣ್ಣ. "ಕೊಟ್ಟ ಮನೆಯೋರೇ ಮೊದ್ಲು ಕೂಗ್ಬೇಕು, ಅದು ಇಲ್ಲಿ ಪದ್ಧತಿ. ನೀವು ಬಾಯಿ ಬಿಡ್ಲಿ ಅಂತ ಆಗ್ಲಿಂದ ಎಲ್ಲಾ ಕಾಯ್ತಾವ್ರೆ!"

ಅಂಗಳವೇ ನಕ್ಕಿತು. ನಗುತ್ತಲೇ ಸ್ಟೆಲ್ಲಾ ಅಕ್ಕ ಕೂಗಿದರು, ಅವರ ಮೇಲೆ ಎದುರು ಮನೆಯವರು, ಅವರ ಮೇಲೆ ಹೆಸರೇ ಗೊತ್ತಿಲ್ಲದವರು. ಕೊಂಡವರು ಅದನ್ನೇ ಚರ್ಚಿಗೆ ಮರಳಿಸಿ ಇನ್ನೊಮ್ಮೆ ಕೂಗಿಸಿದರು. "ಒರು ತರಂ, ರೆಂಡು ತರಂ" ಎಂದು ಅಂತೋಣಿ ಅಣ್ಣ ತಮಿಳಿನಲ್ಲಿ ಒಂದು ಸಲ, ಎರಡು ಸಲ ಎಣಿಸುವಾಗಲೆಲ್ಲ ಸರಸು ನನ್ನ ತೋಳು ಹಿಂಡುತ್ತಿದ್ದಳು.

ಈಗ ಸರಸುವಿಗೆ ಬೀದಿಯ ಎಲ್ಲ ಮನೆಗಳಲ್ಲೂ ಕಾಫಿಯಾಗುತ್ತದೆ. ಹೋದಲ್ಲೆಲ್ಲ ನನ್ನ ಹುಬ್ಬಿನ ಕಥೆಯನ್ನು ಹರಕು ತಮಿಳಿನಲ್ಲಿ ಅಭಿನಯಸಮೇತ ಹೇಳುತ್ತಾಳೆ. ಅವಳ ತಮಿಳು ಎಷ್ಟೋ ಸುಧಾರಿಸಿದೆ ಎನ್ನುತ್ತಾರೆ ಸ್ಟೆಲ್ಲಾ ಅಕ್ಕ. ಸುಧಾರಿಸದೆ ಏನು, ದಿನಕ್ಕೊಂದು ಮನೆಯಲ್ಲಿ ನನ್ನ ಮಾನ ಹರಾಜು ಹಾಕುತ್ತಿದ್ದಾಳಲ್ಲ!