ರೊಟ್ಟಿ ಲೆಕ್ಕದ ನಿದ್ದೆ

ಡೋಣಿ ಊರಿನ ಇಮಾಮಸಾಬನ ನಾಯಿ ಅವತ್ತು ಸಾಯುವಂತಾಗಿದ್ದಕ್ಕೆ ಕಾರಣ ಔಷಧವಲ್ಲ, ಡಾಕ್ಟರ ಕತ್ತರಿಯಲ್ಲ, ಓಣಿಯವರು ಈಗಲೂ ಹೇಳುವ ಹಾಗೆ ನನ್ನ ಮೈದುನನ ತಲೆತಿರುಕತನವೂ ಅಲ್ಲ. ಜೋಳದ ರೊಟ್ಟಿ! ನಾಯಿ ಅದನ್ನು ತಿಂದಿರಲಿಲ್ಲ. ನಾನು ಬಡಿದಿದ್ದೆ, ಅಷ್ಟೇ.

ಮೈದುನನಿಗೆ ತಲೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಇತ್ತು. ಅದರ ತುಂಬ ನಿದ್ದೆ ಇತ್ತು. ಅವನ ನಿದ್ದೆಯಲ್ಲ ಮತ್ತೆ, ಮಂದಿಯ ನಿದ್ದೆ, ನಾಯಿಗಳ ನಿದ್ದೆ! ಬೆಟಗೇರಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ಹಳೆಯ ನೂಲಿನ ಗೋದಾಮು. ಎಂಬತ್ತನೆಯ ಇಸವಿಯ ಆಚೀಚೆ ಒಬ್ಬ ಎಳೆಯ ಡಾಕ್ಟರು ಅದನ್ನು ಬಾಡಿಗೆ ಹಿಡಿದು ದನ, ನಾಯಿಗಳ ದವಾಖಾನೆ ತೆಗೆದರು. ಮಗ್ಗದ ಮುಂದೆ ಕೂತಿದ್ದ ಮೈದುನ ಮಗ್ಗ ಬಿಟ್ಟು ಅವರ ಕಂಪೌಂಡರ್ ಆದ. "ಸೀರಿ ನೇಯೂದು ಬಿಟ್ಟು ನಾಯಿ ಕಾಲು ಹಿಡಿಯಾಕ ಹೊಂಟಿಯಲ್ಲೋ ತಮ್ಮಾ" ಅಂದೆ. "ಸೀರಿ ಕಚ್ಚೂದಿಲ್ಲ ಅತ್ತಿಗಿ, ಬ್ಯಾಸರ" ಅಂದ.

ನಾಯಿಗೆ ಮರಿಯಾಗದಂತೆ ಆಪರೇಶನ್ ಮಾಡಬೇಕಾದರೆ ಮೊದಲು ಮಲಗಿಸಬೇಕಲ್ಲ? ಅದಕ್ಕೆ ಡಾಕ್ಟರ ಹತ್ತಿರ ಎರಡು ಔಷಧ. ಒಂದು ಹಳೆಯದು, ಹಳದಿ ಪುಡಿ. ನೀರಿನಲ್ಲಿ ಕಲಸಿ ನರಕ್ಕೆ ಕೊಡುವುದು. ಇನ್ನೊಂದು ಹೊಸದು, ನೀರಿನಂತೆ ತಿಳಿ, ತೊಡೆಗೆ ಚುಚ್ಚುವುದು. ಯಾವುದು ಮೇಲು? ನೋಡಿಯೇ ಬಿಡೋಣ ಎಂದು ಡಾಕ್ಟರು ಸರದಿ ಹಾಕಿದರು. ಒಂದು ನಾಯಿಗೆ ಇದು, ಮುಂದಿನದಕ್ಕೆ ಅದು. ಎಷ್ಟು ಹೊತ್ತು ಮಲಗಿತು, ಹೇಗೆ ಎದ್ದಿತು ಎಂದು ಬರೆದಿಡುವುದು, ನಿದ್ದೆ ಇಳಿಯುವ ಹೊತ್ತಾದರೆ ಸೂಜಿಯಿಂದ ಇನ್ನಷ್ಟು ಬಿಡುವುದು ಮೈದುನನ ಕೆಲಸ.

ಹೊತ್ತು ಹೇಗೆ ತಿಳಿಯಬೇಕು? ಮೈದುನನ ಕೈಗಡಿಯಾರ ನಮ್ಮ ಮಾವ ಕೊಟ್ಟ ಹಳೆಯದು. ಕೈ ಝಾಡಿಸಿದರೆ ನಡೆಯುತ್ತಿತ್ತು, ಇಲ್ಲದಿದ್ದರೆ ನಿಲ್ಲುತ್ತಿತ್ತು. ನಾಯಿಯ ಕಾಲು ಹಿಡಿದವನು ಕೈ ಝಾಡಿಸಿದರೆ ಗತಿ ಏನು? ಡಾಕ್ಟರ ಗಡಿಯಾರ ಅಂಗಿಯ ಕಿಸೆಯಲ್ಲಿ, ಕೈಯೆಲ್ಲ ರಕ್ತ. ಆಗ ಮೈದುನನ ಕಿವಿಗೆ ನನ್ನ ರೊಟ್ಟಿ ಬಿತ್ತು.

ನನ್ನ ಅಡುಗೆಮನೆಯ ಕಿಟಕಿ, ದವಾಖಾನೆಯ ಹಿಂದಿನ ಕಿಟಕಿ ಎದುರುಬದುರು; ನಡುವೆ ಎರಡು ಮೊಳದ ಸಂದಿ. ದಿನಾ ಮುಂಜಾನೆ ನಾನು ರೊಟ್ಟಿ ಬಡಿಯುವ ಹೊತ್ತಿಗೇ ಅಲ್ಲಿ ಆಪರೇಶನ್. ಮದುವೆಯಾಗಿ ಬಂದಾಗಿನಿಂದ ನನ್ನ ಕೈಯ ಓಟ ಬದಲಾಗಿಲ್ಲ. ಬಡಿ, ಹಂಚಿಗೆ ಹಾಕು, ನೀರು ಸವರು, ತಿರುವು, ಮುಂದಿನದು. ಅವನು ನಾಲ್ಕು ದಿನ ಡಾಕ್ಟರ ಗಡಿಯಾರ ಹಿಡಿದು ಪರೀಕ್ಷೆ ಮಾಡಿದ. ನಾಲ್ಕೂ ದಿನ ರೊಟ್ಟಿಗೆ ಎರಡು ನಿಮಿಷ, ಕೂದಲೆಳೆ ಹೆಚ್ಚುಕಡಿಮೆ ಇಲ್ಲ! ಡಾಕ್ಟರು ಮೊದಲು ನಕ್ಕರು. ಎಂಟು ದಿನದಲ್ಲಿ ಅವರೇ ಕೇಳತೊಡಗಿದರು: "ಎಷ್ಟಾತಪಾ?"

"ಅತ್ತಿಗಿ, ಎಷ್ಟು?" ಅಂತ ಇವನು ಕಿಟಕಿಗೆ ಕೂಗಬೇಕು. "ಆರು!" ಅಂತ ನಾನು ಕೂಗಬೇಕು. "ಆರು ರೊಟ್ಟಿ ಆತ್ರೀ ಸರ್."

ಅವನ ವಹಿಯಲ್ಲಿ ಹೀಗೆ ಬರೆದಿತ್ತು: ಹಳದಿ ಪುಡಿ, ಎಂಟು ರೊಟ್ಟಿ ನಿದ್ದೆ, ಏಳುವಾಗ ಒದರಾಟ, ಕಾಲು ಬಡಿತ. ಹೊಸದು, ಹದಿನಾರು ರೊಟ್ಟಿ. ಕಣ್ಣು ಮುಚ್ಚುವುದಿಲ್ಲ, ಜೊಲ್ಲು ಬಹಳ.

ಆ ಕಣ್ಣು ಮುಚ್ಚದ ಔಷಧದಿಂದ ಆದ ಫಜೀತಿ ಕೇಳಿ. ಶಿರಹಟ್ಟಿಯ ಒಬ್ಬ ಕಾಳಿನ ವ್ಯಾಪಾರಿ, ಹೆಂಡತಿ ಸಮೇತ, ಬಿಳಿ ಜೂಲುನಾಯಿ ತಂದಿದ್ದರು. ಆಕೆ ಬಾಗಿಲಲ್ಲಿ ಇಣುಕಿದರೆ ನಾಯಿ ಮಿಕಿಮಿಕಿ ಅವಳನ್ನೇ ನೋಡುತ್ತಿದೆ! "ಅಯ್ಯ ಶಿವನ, ಎಚ್ಚರ ಐತಿ! ಜೀವಂತ ಕೊಯ್ಯಾಕ ಹತ್ತೀರಲ್ಲೋ!" ಅಂತ ಆಕೆ ಕಿರುಚಿದ್ದು ನನ್ನ ಹಂಚಿನವರೆಗೆ ಬಂತು. ಮೈದುನ ತಣ್ಣಗೆ, "ಹೆದರಬ್ಯಾಡ್ರೀ ಅಕ್ಕಾರ. ನಿಮ್ಮ ಯಜಮಾನ್ರು ಅಂಗಡ್ಯಾಗ ಕುಂತು ಮಧ್ಯಾಹ್ನ ಹೆಂಗ ಮಲಗತಾರ?" ಅಂದ. ಆಕೆ ಗಂಡನ ಮುಖ ನೋಡಿದಳು, ನಾಯಿಯ ಮುಖ ನೋಡಿದಳು. "ಹೌದ ಬಿಡ್ರಿ, ಇದ ನಮೂನಿ" ಅಂದು ಹೊರಗೆ ಹೋಗಿ ಕೂತಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಲಗಿದವರನ್ನು ಕಂಡರೆ ಅವನ ಕೈ ತುರಿಸುತ್ತಿತ್ತು. ನಾಯಿ ಪೂರಾ ಮಲಗಿದೆಯೋ ಇಲ್ಲವೋ ಎಂದು ಬೆರಳ ಸಂದಿ ಚಿವುಟಿ ನೋಡುತ್ತಾರಂತೆ. ಲಕ್ಷ್ಮೇಶ್ವರದಿಂದ ತಮ್ಮ ಹುಡುಗನಿಗಾಗಿ ನನ್ನ ಮಗಳನ್ನು ನೋಡಲು ಬಂದ ಹಿರಿಯರೊಬ್ಬರು ಉಂಡು ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಇವನು ಹೋಗಿ ಕಾಲ ಬೆರಳ ಸಂದಿ ಚಿವುಟಿಯೇ ಬಿಟ್ಟ! ಅವರು ಹೌಹಾರಿ ಎದ್ದರು. "ಏನಿದು?" "ಏನಿಲ್ಲ ತಗೋರಿ, ಇನ್ನೂ ಕೊಯ್ಯೂ ಹದಕ್ಕ ಬಂದಿಲ್ಲ." ಅವರು ಟೊಪ್ಪಿಗೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ. ಆ ಹುಡುಗನ ಕಿವಿ ಮೊರದಷ್ಟಿತ್ತು, ನನಗೇನೂ ದುಃಖವಾಗಲಿಲ್ಲ.

ಇನ್ನು ಇಮಾಮಸಾಬನ ನಾಯಿ. ಹೆಸರು ಬಿಜಲಿ. ಬೇಟೆಯ ಜಾತಿ, ಎಲುಬು, ಚರ್ಮ, ಓಟ ಬಿಟ್ಟರೆ ಮೈಯಲ್ಲಿ ಇನ್ನೇನೂ ಇಲ್ಲ. ಕಪ್ಪತಗುಡ್ಡದ ಬುಡದಲ್ಲಿ ಅವನ ಶೇಂಗಾ ಹೊಲ, ಅದನ್ನು ಕಾಯುವವಳು ಇವಳು. "ಹಂದಿ ಬಂದ್ರ ನಾವಿಬ್ರೂ ಓಡತೀವ್ರೀ ಯವ್ವಾ. ಈಕಿ ಮುಂದಕ್ಕ, ನಾ ಹಿಂದಕ್ಕ" ಅಂತ ಅವನೇ ಹೇಳಿ ನಗುತ್ತಿದ್ದ. ಹಿಂದಿನ ಸಲ ಮರಿ ಅಡ್ಡ ಬಂದು ಅವಳು ಸತ್ತು ಬದುಕಿದ್ದಳು. ಇನ್ನೊಮ್ಮೆ ಬಸಿರಾದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಹಾಗಾಗಿ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದಿದ್ದ. ಸರದಿ ಹಳದಿ ಪುಡಿಯದು.

ಅದೇ ದಿನ ಬೇರೆ ಬೀಗರು ಬರುವವರಿದ್ದರು. ಐವತ್ತು ರೊಟ್ಟಿ ಆಗಬೇಕು. ನೆರೆಮನೆಯ ಗಂಗವ್ವನನ್ನು ಕರೆದೆ. ಎರಡು ಒಲೆ, ಎರಡು ಹಂಚು, ನಾಲ್ಕು ಕೈ. "ಅತ್ತಿಗಿ, ಎಷ್ಟು?" ಅಂತ ಕೂಗು ಬಂತು. ನಾನು ಬುಟ್ಟಿ ನೋಡಿ "ಎಂಟು!" ಅಂದೆ. ನನ್ನವು ನಾಲ್ಕು, ಗಂಗವ್ವನವು ನಾಲ್ಕು; ಹೊತ್ತು ಮಾತ್ರ ನಾಲ್ಕೇ ರೊಟ್ಟಿಯದು! ಹೊಟ್ಟೆ ಕೊಯ್ದ ನಾಯಿ ನಡುವೆ ಎದ್ದೀತು ಎಂದು ಅವನು ಹೆದರಿ ಔಷಧ ಇನ್ನಷ್ಟು ಬಿಟ್ಟ. ಮತ್ತೆ ಕೂಗು, "ಹದಿನಾರು!" ಮತ್ತಷ್ಟು ಬಿಟ್ಟ. "ಇಪ್ಪತ್ನಾಕು!" ಮತ್ತೆ.

ಹೊಲಿಗೆ ಮುಗಿಯಿತು. ಬಿಜಲಿ ಏಳಲಿಲ್ಲ. ಬೆರಳ ಸಂದಿ ಚಿವುಟಿದರೆ ಕದಲಲಿಲ್ಲ. ಕಿವಿ ತಣ್ಣಗಾಗಿತ್ತು. "ಅತ್ತಿಗಿ, ಕೌದಿ ಕೊಡ್ರಿ!" ಅಂದ. ಕೌದಿ ಕೊಟ್ಟೆ, ಒಲೆಯ ಬದಿಯ ಬೆಚ್ಚನೆಯ ಇಟ್ಟಿಗೆಯನ್ನೂ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಡಾಕ್ಟರು ಕೈ ತೊಳೆದು ಕಿಸೆಯ ಗಡಿಯಾರ ತೆಗೆದರು.

"ಇಷ್ಟ ಹೊತ್ತಿನ್ಯಾಗ ಮೂರು ಸಲ ಹಾಕಿಯೇನೋ? ಒಂದು ಸಲ ಹಾಕಬೇಕಿತ್ತು! ಅದೂ ಮೈಯಾಗ ಕೊಬ್ಬು ಇಲ್ಲದ ನಾಯಿಗೆ! ಇಂಥಾವಕ್ಕ ಇದರ ಅಮಲು ಲಗೂ ಇಳಿಯೂದಿಲ್ಲ!"

ಮೈದುನ ನಮ್ಮ ಕಿಟಕಿಯತ್ತ ತಿರುಗಿದ. ಎರಡು ಒಲೆ ಕಂಡ. ಹಿಟ್ಟಿನ ಕೈಯ ಗಂಗವ್ವನನ್ನು ಕಂಡ. ಅವನಿಗೆ ತಿಳಿಯಿತು, ತಿಳಿದದ್ದು ನನಗೂ ತಿಳಿಯಿತು. ಊರಿಗೆಲ್ಲ ಮುಖ ಮುರಿದು ಮಾತಾಡುವವಳು, ಆಗ ಮಾತ್ರ ಸುಮ್ಮನೆ ನಿಂತೆ.

"ನನ್ನ ಎಣಿಕಿ ತಪ್ಪಿತ್ರೀ ಸರ್" ಅಂದ.

"ನಾಳಿಂದ ನೀ ಸೂಜಿ ಮುಟ್ಟಬ್ಯಾಡ."

"ಆತ್ರಿ."

ದಿನವಿಡೀ ಅವನು ಒಂದು ಕಡೆ, ಇಮಾಮಸಾಬ ಒಂದು ಕಡೆ. ಮಗ್ಗುಲು ಬದಲಿಸುವುದು, ಮೈ ತಿಕ್ಕುವುದು. ಇಟ್ಟಿಗೆ ಆರಿದಾಗೆಲ್ಲ ನಾನು ಬೇರೆ ಕೊಟ್ಟೆ. ಇಮಾಮಸಾಬ ಬೈಯಲಿಲ್ಲ. "ಬಿಜಲಿ, ಹಂದಿ ಬಂತ ನೋಡ" ಅಂತ ಕಿವಿಯಲ್ಲಿ ಹೇಳುತ್ತಲೇ ಇದ್ದ. ದೀಪ ಹಚ್ಚುವ ಹೊತ್ತಿಗೆ ಬಾಲ ಅಲುಗಿತು. ತಲೆ ಎತ್ತಿದಳು, ಸುತ್ತ ನೋಡಿದಳು, ನನ್ನ ಕೌದಿಯ ತುಂಬ ಉಚ್ಚೆ ಹೊಯ್ದಳು. ಇಮಾಮಸಾಬ ಅಳುತ್ತಲೇ ನಕ್ಕ. "ತೊಳದ ಕೊಡ್ತೀನ್ರೀ ಯವ್ವಾ" ಅಂದ. "ಎರಡು ಸಲ ತೊಳಿ" ಅಂದೆ.

ರಾತ್ರಿ ಊಟಕ್ಕೆ ಕೂತಾಗ ಮೈದುನ ಒಂದೇ ಮಾತು ಆಡಿದ. ರೊಟ್ಟಿ ಮುರಿದು ನೋಡಿ, "ಗಂಗವ್ವನ ಕೈ ದಪ್ಪ ಅತ್ತಿಗಿ. ನಿಮ್ಮವು ತೆಳ್ಳಗ" ಅಂದ. ನಾನು ಬೆಣ್ಣೆ ಹಾಕಿದೆ.

ಮರುದಿನ ಮುಂಜಾನೆ ಒಲೆ ಹಚ್ಚಲಿಲ್ಲ. ಗೋಡೆಯ ಮಾಡದಲ್ಲಿದ್ದ ನಮ್ಮ ಮನೆಯವರ ಗಂಟೆಗಡಿಯಾರ ತೆಗೆದುಕೊಂಡು, ಅಲ್ಲಿಯವರೆಗೆ ಒಮ್ಮೆಯೂ ತುಳಿಯದ ದವಾಖಾನೆಯ ಹೊಸ್ತಿಲು ದಾಟಿದೆ. ಗಡಿಯಾರ ಡಾಕ್ಟರ ಮೇಜಿನ ಮೇಲೆ ಇಟ್ಟೆ. "ನಿನ್ನಿ ಎಣಿಸಿದಾಕಿ ನಾನ್ರಿ. ಎರಡು ಮಂದಿ ಬಡಿದದ್ದನ್ನ ಕೂಡಿಸಿ ಹೇಳಿದ್ನಿ. ಸೂಜಿ ಅವನ ಕೈಯಾಗ ಕೊಡ್ರಿ" ಅಂದೆ. ಅವರು ಏನಾದರೂ ಅನ್ನುವ ಮೊದಲೇ ಮನೆಗೆ ಬಂದೆ. ಆಮೇಲೆ ಒಲೆ ಹಚ್ಚಿ, ಒಬ್ಬಳೇ ಕೂತು ಹಿಟ್ಟು ನಾದಿದೆ. ಮೊದಲ ರೊಟ್ಟಿ ಹಂಚಿಗೆ ಹಾಕಿ, ಯಾರೂ ಕೇಳದಿದ್ದರೂ, ಕಿಟಕಿಗೆ ಬಾಯಿ ಕೊಟ್ಟು ಕೂಗಿದೆ: "ಒಂದು!"